ಟೊರ್ರಿ ಪೈನ್ಸ್ ಉಳಿಸಿಕೊಟ್ಟ ಎಲೆನ್ ಸ್ಕ್ರಿಪ್ಸ್

ಊರಿನಿಂದ ಅಪ್ಪ-ಅಮ್ಮ ಬಂದರೆ ಸ್ಯಾನ್ ಡಿಯಾಗೋದ ನಾವೆಲ್ಲ ತಪ್ಪದೆ ಕರೆದೊಯ್ಯುವ ಜಾಗಗಳಲ್ಲಿ ಟೊರ್ರಿ ಪೈನ್ಸ್ ಒಂದು. ಮೇಲೆ ತಿಂಡಿ ಒಯ್ಯುವಂತಿಲ್ಲ, ಆದ್ದರಿಂದ ಕೆಳಗೆ ಬೀಚಿನಲ್ಲೇ ಚಿತ್ರಾನ್ನ ಮುಗಿಸಿ ಗುಡ್ಡ ಹತ್ತುವುದು ನಮ್ಮ ವಾಡಿಕೆ. ಕಳೆದ ಸಲ ಬಂದಿದ್ದ ನಮ್ಮಮ್ಮ ಮೇಲೆ ನಿಂತು ಸಮುದ್ರ ನೋಡುತ್ತಾ, ಇಂಥ ಜಾಗದಲ್ಲಿ ಯಾರೂ ಮನೆ ಕಟ್ಟದೆ ಹೇಗೆ ಬಿಟ್ಟರು ಎಂದು ಕೇಳಿದರು. ಇಷ್ಟು ವರ್ಷ ಇಲ್ಲಿದ್ದೂ ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಹುಡುಕಿ ಓದಿದಾಗ ಸಿಕ್ಕಿದ ಹೆಸರು ಎಲೆನ್ ಬ್ರೌನಿಂಗ್ ಸ್ಕ್ರಿಪ್ಸ್. ನಮ್ಮಲ್ಲಿ ಹಲವರ ಮಕ್ಕಳು ಹುಟ್ಟಿದ್ದು ಸ್ಕ್ರಿಪ್ಸ್ ಆಸ್ಪತ್ರೆಯಲ್ಲಿ. ಆದರೂ ಆ ಹೆಸರಿನ ಹಿಂದೆ ಒಬ್ಬ ಹೆಣ್ಣುಮಗಳಿದ್ದಾರೆಂದು ಎಷ್ಟು ಜನಕ್ಕೆ ಗೊತ್ತು?

ಆಕೆಯೂ ನಮ್ಮ ಹಾಗೆ ವಲಸೆ ಬಂದವರೇ. ಹುಟ್ಟಿದ್ದು 1836ರಲ್ಲಿ, ಲಂಡನ್ನಿನ ಸೌತ್ ಮೋಲ್ಟನ್ ಬೀದಿಯಲ್ಲಿ. ತಂದೆ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬಿನವರು. ಎಲೆನ್ ಇನ್ನೂ ಐದು ತುಂಬದ ಮಗುವಾಗಿದ್ದಾಗ ತಾಯಿ ತೀರಿಕೊಂಡರು. 1844ರಲ್ಲಿ ತಂದೆ ಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತಿ, ಇಲಿನಾಯ್ ರಾಜ್ಯದ ರಶ್‌ವಿಲ್ ಎಂಬ ಹಳ್ಳಿಯಲ್ಲಿ ನೆಲೆಸಿದರು. ಅಲ್ಲಿ ಮತ್ತೆ ಮದುವೆ, ಮತ್ತೆ ಮಕ್ಕಳು. ಕೊನೆಯ ತಮ್ಮ ಎಡ್ವರ್ಡ್ ಹುಟ್ಟಿದಾಗ ಎಲೆನ್‌ಗೆ ಹದಿನೇಳು ವರ್ಷ. ಅವನನ್ನು ಎತ್ತಿ ಆಡಿಸಿ, ಪುಸ್ತಕ ಓದಿ ಹೇಳಿ ಬೆಳೆಸಿದ್ದು ಈ ಅಕ್ಕನೇ. ಮುಂದೆ ಅವನೇ ದೇಶದುದ್ದಕ್ಕೂ ಪತ್ರಿಕೆಗಳನ್ನು ನಡೆಸಿದ ಇ. ಡಬ್ಲ್ಯು. ಸ್ಕ್ರಿಪ್ಸ್.

ಶಾಲೆಯ ಟೀಚರ್ ಆಗಿ ದುಡಿದ ಹಣದಲ್ಲಿ ಓದಿ, 1859ರಲ್ಲಿ ನಾಕ್ಸ್ ಕಾಲೇಜಿನ ವಿದ್ಯಾಭ್ಯಾಸ ಮುಗಿಸಿದರು. ಆಗ ಅಲ್ಲಿ ಹೆಣ್ಣುಮಕ್ಕಳಿಗೆ ಪದವಿ ಇರಲಿಲ್ಲ, ಕೇವಲ ಸರ್ಟಿಫಿಕೇಟು. ಮತ್ತೆ ಪಾಠ ಹೇಳಿದರು, ತಂದೆ ಹಾಸಿಗೆ ಹಿಡಿದಾಗ ಊರಿಗೆ ಬಂದು ಸೇವೆ ಮಾಡಿದರು. 1873ರಲ್ಲಿ ಅಣ್ಣ ಜೇಮ್ಸ್ ಡೆಟ್ರಾಯಿಟಿನಲ್ಲಿ ಪತ್ರಿಕೆ ಶುರುಮಾಡಿದಾಗ ತಮ್ಮ ಉಳಿತಾಯವನ್ನು ಅದಕ್ಕೆ ಹಾಕಿ, ಪ್ರೂಫ್ ತಿದ್ದುವ ಕೆಲಸಕ್ಕೆ ಕುಳಿತರು. ಬೇರೆಡೆ ಬಂದ ಸುದ್ದಿ, ಸ್ವಾರಸ್ಯಗಳನ್ನು ಆಯ್ದು ಅಂಕಣವನ್ನೂ ಬರೆದರು. ತಮ್ಮನ ಪತ್ರಿಕೆಗೂ ಹಣ ಕೊಟ್ಟರು. ಆ ಷೇರುಗಳೇ ಮುಂದೆ ಬೆಳೆದವು. ಅಣ್ಣ-ತಮ್ಮಂದಿರ ನಡುವೆ ಹಣದ ಜಗಳಗಳೂ ಬೆಳೆದವೆನ್ನಿ, ಎಲ್ಲಾ ಮನೆಗಳಂತೆ.

1897ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಲಾ ಹೋಯಾದಲ್ಲಿ ಮನೆ ಮಾಡಿದರು. ಸಮುದ್ರಕ್ಕೆ ಮುಖವಾದ ಆ ಮನೆಗೆ ಇಟ್ಟ ಹೆಸರು ಸೌತ್ ಮೋಲ್ಟನ್ ವಿಲ್ಲಾ, ತಾಯಿಯನ್ನು ಕಳೆದುಕೊಳ್ಳುವ ಮೊದಲು ಇದ್ದ ಬೀದಿಯ ಹೆಸರು! ಇದನ್ನು ಓದಿದಾಗ ನನಗೆ ಬೆಂಗಳೂರಿನ ನಮ್ಮ ಹಳೆಯ ಬೀದಿ ನೆನಪಾಗಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

1900ರಲ್ಲಿ ಇನ್ನೊಬ್ಬ ಸೋದರ ಜಾರ್ಜ್ ತೀರಿಕೊಂಡಾಗ ಅವರ ಆಸ್ತಿಯ ಪಾಲೂ ಎಲೆನ್‌ಗೆ ಬಂತು. ಅದು ತಮ್ಮದಲ್ಲ, ಜನರ ಪರವಾಗಿ ತಾವು ಕಾಯಬೇಕಾದ್ದು ಎಂಬುದು ಅವರ ಭಾವನೆ. ನಾವು ಋಣ ಎನ್ನುತ್ತೇವಲ್ಲ, ಅದಕ್ಕೆ ಬಹಳ ಹತ್ತಿರ. 1903ರಲ್ಲಿ ತಮ್ಮನ ಜೊತೆ ಸೇರಿ ಕಡಲಜೀವಿಗಳ ಅಧ್ಯಯನಕ್ಕೆ ನೆರವಾದರು. ಅದೇ ಇಂದಿನ ಸ್ಕ್ರಿಪ್ಸ್ ಸಮುದ್ರ ವಿಜ್ಞಾನ ಸಂಸ್ಥೆ.

ಇನ್ನು ಟೊರ್ರಿ ಪೈನ್ಸ್. ಐದೈದು ಸೂಜಿ ಎಲೆಗಳ ಗೊಂಚಲಿನ ಈ ಪೈನ್ ಪ್ರಪಂಚದಲ್ಲಿ ತಾನಾಗಿ ಬೆಳೆಯುವುದು ಇಲ್ಲಿ ಮತ್ತು ಸಾಂತಾ ರೋಸಾ ದ್ವೀಪದಲ್ಲಿ ಮಾತ್ರ. 1899ರಲ್ಲಿ ನಗರಸಭೆ 364 ಎಕರೆಯನ್ನು ಪಾರ್ಕಿಗೆಂದು ಮೀಸಲಿಟ್ಟಿತ್ತು. ಪಕ್ಕದ ಮರಗಳಿದ್ದ ಜಾಗ ಖಾಸಗಿಯವರ ಕೈಯಲ್ಲಿತ್ತು. 1908 ಮತ್ತು 1911ರ ನಡುವೆ ಎಲೆನ್ ಅಲ್ಲಿನ ಎರಡು ದೊಡ್ಡ ತುಂಡುಗಳನ್ನು ಕೊಂಡು ಜನರಿಗಾಗಿ ಉಳಿಸಿದರು. ಅಷ್ಟಕ್ಕೇ ಬಿಡಲಿಲ್ಲ. 1921ರಲ್ಲಿ ಗೈ ಫ್ಲೆಮಿಂಗ್ ಎಂಬ ಸಸ್ಯಪ್ರೇಮಿಯನ್ನು ಕಾವಲಿಗೆ ನೇಮಿಸಿದರು. ಮೇಲಿರುವ ಮಣ್ಣಿಟ್ಟಿಗೆಯ ಕಟ್ಟಡವೂ ಅವರ ಹಣದ್ದೇ. ಈಗ ನಾವು ಮಕ್ಕಳಿಗೆ ತೋರಿಸುವ ವಿಸಿಟರ್ ಸೆಂಟರ್ ಇರುವುದು ಅದರಲ್ಲೇ.

1915ರಲ್ಲಿ ಯಾರೋ ಬೆಂಕಿ ಇಟ್ಟು ಅವರ ಮನೆ ಸುಟ್ಟುಹೋಯಿತು. ಎಪ್ಪತ್ತೆಂಟರ ವೃದ್ಧೆ ಊರು ಬಿಡಲಿಲ್ಲ, ಕೊಡುವುದನ್ನೂ ನಿಲ್ಲಿಸಲಿಲ್ಲ. ವಾಸ್ತುಶಿಲ್ಪಿ ಅರ್ವಿಂಗ್ ಗಿಲ್ ಅವರಿಂದ ಅದೇ ಜಾಗದಲ್ಲಿ ಕಾಂಕ್ರೀಟಿನ ಮನೆ ಕಟ್ಟಿಸಿದರು. ಇಳಿವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದು ಊರಿನ ಪುಟ್ಟ ಆಸ್ಪತ್ರೆಯಲ್ಲಿ ಮಲಗಿದ್ದರು. ನಮ್ಮಂಥವರು ಗುಣವಾದ ಮೇಲೆ ಡಾಕ್ಟರಿಗೆ ಥ್ಯಾಂಕ್ಸ್ ಹೇಳಿ, ಹೆಚ್ಚೆಂದರೆ ಒಂದು ಡಬ್ಬ ಸ್ವೀಟು ಕೊಟ್ಟು ಬರುತ್ತೇವೆ. ಅವರು 1924ರಲ್ಲಿ ಊರಿಗೇ ದೊಡ್ಡ ಆಸ್ಪತ್ರೆ ಕೊಟ್ಟರು. 1926ರಲ್ಲಿ ಕ್ಲೇರ್‌ಮಾಂಟ್‌ನಲ್ಲಿ ಹೆಣ್ಣುಮಕ್ಕಳಿಗಾಗಿಯೇ ಕಾಲೇಜು ತೆರೆಸಿದರು. ಈ ಕಾಲೇಜಿನಲ್ಲಿ ಓದಿದವರಿಗೆ ಬರೀ ಸರ್ಟಿಫಿಕೇಟಲ್ಲ, ಪದವಿಯೇ ಸಿಕ್ಕಿತು.

ಇಷ್ಟೆಲ್ಲಾ ಕೊಟ್ಟವರು ತಾವು ಬದುಕಿದ್ದು ಸರಳವಾಗಿ. ಮದುವೆಯಾಗಲಿಲ್ಲ. ದಿನಚರಿಯಲ್ಲಿ ಬಂದವರು, ಹೋದವರು, ಹವೆ ಎಂದು ನಾಲ್ಕು ಸಾಲು ಬರೆದಿಡುತ್ತಿದ್ದರು. 1931ರಲ್ಲಿ ಲಾ ಹೋಯಾದ ಮಕ್ಕಳು ಅಲೆಯ ಭಯವಿಲ್ಲದೆ ಈಜಲೆಂದು ಅವರು ಕಟ್ಟಿಸಿಕೊಟ್ಟ ತಡೆಗೋಡೆ ಈಗಲೂ ಇದೆ, ಅಲ್ಲಿ ಮಕ್ಕಳಿಗಿಂತ ಸೀಲ್‌ಗಳೇ ಹೆಚ್ಚು. ಮರುವರ್ಷ, 1932ರ ಆಗಸ್ಟ್ 3ರಂದು, ತೊಂಬತ್ತೈದನೆಯ ವಯಸ್ಸಿನಲ್ಲಿ ಆ ಮನೆಯಲ್ಲೇ ತೀರಿಕೊಂಡರು. ಚಿತಾಭಸ್ಮವನ್ನು ಪೆಸಿಫಿಕ್ ಸಮುದ್ರದಲ್ಲಿ ವಿಸರ್ಜಿಸಿದರು.

ಊರಿಗೆ ಫೋನ್ ಮಾಡಿ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಎಲ್ಲ ಕೇಳಿದ ಮೇಲೆ ಅವರು ವಿಚಾರಿಸಿದ್ದು ಒಂದೇ, ಆ ಸೀಲ್‌ಗಳನ್ನು ನನಗೇಕೆ ತೋರಿಸಲಿಲ್ಲ ಎಂದು.