ಗುಲ್ವಾಡಿ ವೆಂಕಟರಾಯರು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕನ್ನಡ ಓದುಗರಿಗೆ ಕಥಾನಾಯಕಿಯೆಂದರೆ ಪುರಾಣದ ರಾಣಿ, ಇಲ್ಲವೆ ಬಂಗಾಳಿಯಿಂದ ಭಾಷಾಂತರಗೊಂಡ ಕಾದಂಬರಿಯ ಸುಂದರಿ. ನೆರೆಮನೆಯ ಕತ್ತಲ ಕೋಣೆಯಲ್ಲಿ ಕುಳಿತ ಬಾಲವಿಧವೆಯೂ ಕಥಾನಾಯಕಿಯಾಗಬಹುದೆಂದು ಎಣಿಸಿದವರು ವಿರಳ. ಹಾಗೆ ಎಣಿಸಿ, ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯನ್ನು ಬರೆದವರು ಗುಲ್ವಾಡಿ ವೆಂಕಟರಾಯರು.

ಗುಲ್ವಾಡಿ ಎಂಬುದು ಕುಂದಾಪುರ ಸೀಮೆಯ ಒಂದು ಹಳ್ಳಿಯ ಹೆಸರು. ವೆಂಕಟರಾಯರು ಸಾರಸ್ವತ ಸಮಾಜದಲ್ಲಿ 1844ರಲ್ಲಿ ಜನಿಸಿದರು. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ' ಹೊರಟದ್ದು ಅದರ ಹಿಂದಿನ ವರ್ಷವಷ್ಟೆ. ಮುದ್ರಣಾಲಯ, ಶಾಲೆ, ಹೊಸ ವಿಚಾರಗಳು ಕರಾವಳಿಯನ್ನು ಪ್ರವೇಶಿಸುತ್ತಿದ್ದ ಕಾಲವದು. 1856ರಲ್ಲಿ ವಿಧವಾ ಪುನರ್ವಿವಾಹಕ್ಕೆ ಕಾಯಿದೆಯ ಒಪ್ಪಿಗೆ ದೊರೆಯಿತು. ಆದರೆ ಮನೆಯ ಹೊಸ್ತಿಲನ್ನು ದಾಟಲು ಕಾಯಿದೆಗೂ ಬಹುಕಾಲ ಸಾಧ್ಯವಾಗಲಿಲ್ಲ.

ವೆಂಕಟರಾಯರು ಸೇರಿದ್ದು ಪೊಲೀಸ್ ಇಲಾಖೆಯನ್ನು. ಸಾಹಿತಿಗೆ ಒಗ್ಗದ ವೃತ್ತಿಯೆಂದು ತೋರಬಹುದು. ಆದರೆ ಹಗಲು ಗೌರವಸ್ಥರೆನಿಸಿಕೊಂಡವರ ಇರುಳಿನ ವ್ಯವಹಾರಗಳು, ಲಂಚ, ಸುಳ್ಳುಸಾಕ್ಷ್ಯ ಇವುಗಳ ಪರಿಚಯ ಆ ವೃತ್ತಿಯವರಿಗಲ್ಲದೆ ಮತ್ತಾರಿಗೆ ಉಂಟು?

ಅವರ 'ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯವು' 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ಆಗ ಅವರಿಗೆ ಐವತ್ತೈದು ವರ್ಷ. ಕಥೆಯ ಇಂದಿರೆ ಕಮಲಪುರದ ಸಿರಿವಂತ ಭೀಮರಾಯನ ಮಗಳು. ಅನ್ಯಾಯದಿಂದ ಗಳಿಸಿದ ಹಣ ಆ ಮನೆಯಲ್ಲಿ ತುಂಬಿದೆ. ಎಳೆಯ ವಯಸ್ಸಿನಲ್ಲಿಯೇ ಇಂದಿರೆ ಪತಿಯನ್ನು ಕಳೆದುಕೊಳ್ಳುತ್ತಾಳೆ. ಪುಸ್ತಕವೊಂದೇ ಅವಳಿಗೆ ಸಮಾಧಾನ. ತಾಯಿ ಅಂಬಾಬಾಯಿಗೆ ಅದೇ ಸಹಿಸದು. ಮಗಳನ್ನು ಓದಿನಿಂದ ಬಿಡಿಸಿ, ಭಕ್ತಿಯ ಸೋಗಿನ 'ಸಂತ'ರ ಸೇವೆಗೆ ಹಚ್ಚಲು ಆಕೆ ಹವಣಿಸುತ್ತಾಳೆ. ಆ ಸಂತರ ದುರುದ್ದೇಶವನ್ನು ಇಂದಿರೆ ಅರಿತುಕೊಳ್ಳುತ್ತಾಳೆ. ಕೊರಗಿ ಸಾಯುವುದಿಲ್ಲ, ಬಾವಿಗೆ ಹಾರುವುದಿಲ್ಲ. ಹೆತ್ತವರ ಮನೆಯನ್ನೇ ತೊರೆದು, ಸಜ್ಜನನಾದ ಅಮೃತರಾಯನ ಆಶ್ರಯವನ್ನು ಸೇರುತ್ತಾಳೆ. ಅಲ್ಲಿ ವಿದ್ಯೆ ಕಲಿಯುತ್ತಾಳೆ. ಮುಂದೆ ಇಂಗ್ಲೆಂಡಿನಲ್ಲಿ ಓದಿ ಬಂದ ಭಾಸ್ಕರನನ್ನು ವಿವಾಹವಾಗುತ್ತಾಳೆ. ವಿಧವೆಯ ಮದುವೆ, ಅದರ ಮೇಲೆ ಸಮುದ್ರಯಾನ ಮಾಡಿದ ವರ! ಜಾತಿಯಿಂದ ಹೊರಗಿಡಲು ಇವೆರಡರಲ್ಲಿ ಒಂದೇ ಸಾಕಾಗಿದ್ದ ದಿನಗಳವು.

ಪರಕೀಯರನ್ನು ದೂಷಿಸುವುದು ಸುಲಭ. ವೆಂಕಟರಾಯರು ಬಯಲಿಗೆಳೆದದ್ದು ತಮ್ಮ ಸಮಾಜದ ಕಪಟವನ್ನೇ. ಅವರ ಪಾತ್ರಗಳಲ್ಲಿ ಒಳ್ಳೆಯವರು ತೀರ ಒಳ್ಳೆಯವರು, ಕೆಟ್ಟವರು ತೀರ ಕೆಟ್ಟವರು ಎಂಬ ಕೊರತೆ ಉಂಟು. ಕಥೆ ನಡುನಡುವೆ ಉಪದೇಶಕ್ಕೂ ತಿರುಗುತ್ತದೆ. ಆದರೆ ಇಂದಿರೆ ಮನೆ ಬಿಟ್ಟು ಹೊರಡುವ ಪ್ರಸಂಗವನ್ನು ಓದುವಾಗ ಈ ದೋಷಗಳು ನೆನಪಿಗೆ ಬರುವುದಿಲ್ಲ.

1903ರಲ್ಲಿ ಕೌಚ್‌ಮನ್ ಎಂಬ ಆಂಗ್ಲ ಅಧಿಕಾರಿ ಈ ಕೃತಿಯನ್ನು ಇಂಗ್ಲಿಷಿಗೆ ಭಾಷಾಂತರಿಸಿದರು. ವೆಂಕಟರಾಯರು 'ಭಾಗೀರಥಿ', 'ಸೀಮಂತಿನಿ' ಮೊದಲಾದ ಕೃತಿಗಳನ್ನೂ ರಚಿಸಿದರು. ಆದರೂ ಅವರ ಹೆಸರು ನಿಂತದ್ದು ಇಂದಿರೆಯಿಂದ.

1913ರಲ್ಲಿ ವೆಂಕಟರಾಯರು ತೀರಿಕೊಂಡರು. ಅದೇ ವರ್ಷ, ದೂರದ ನಂಜನಗೂಡಿನಲ್ಲಿ, ಹದಿನಾಲ್ಕನೆಯ ವಯಸ್ಸಿಗೇ ವೈಧವ್ಯವನ್ನು ಕಂಡಿದ್ದ ತಿರುಮಲಾಂಬ ಎಂಬ ತರುಣಿ 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ಸ್ಥಾಪಿಸಿ, ತಾನೇ ಬರೆದ 'ಸುಶೀಲೆ' ಎಂಬ ಕಾದಂಬರಿಯನ್ನು ಪ್ರಕಟಿಸಿದಳು.