ಆನೆಗೆ ಅಂಜದ ಸೆಲೂ, ಕೋವಿಗೆ ಅಂಜಿದ ಕಥೆ

ಆಫ್ರಿಕಾ ಖಂಡದ ಬೇಟೆಯ ಇತಿಹಾಸದಲ್ಲಿ ಫ್ರೆಡ್ರಿಕ್ ಕರ್ಟ್ನಿ ಸೆಲೂ ಅವರದು ಚಿರಪರಿಚಿತ ನಾಮಧೇಯ. 1851ರ ಡಿಸೆಂಬರ್ 31ರಂದು ಲಂಡನ್ ನಗರದಲ್ಲಿ ಜನಿಸಿದ ಅವರು ಬಾಲ್ಯದಿಂದಲೂ ಧೈರ್ಯಶಾಲಿ. 1867ರ ಜನವರಿಯಲ್ಲಿ ಅಲ್ಲಿನ ರೀಜೆಂಟ್ಸ್ ಪಾರ್ಕಿನ ಹೆಪ್ಪುಗಟ್ಟಿದ ಕೆರೆಯ ಮೇಲೆ ಜನರು ಜಾರಾಟದಲ್ಲಿ ಮಗ್ನರಾಗಿದ್ದಾಗ ಮಂಜಿನ ಹಾಸು ಒಡೆದು ಸುಮಾರು 40 ಮಂದಿ ಮೃತಪಟ್ಟರು. ಹದಿನೈದರ ಹರೆಯದ ಸೆಲೂ ಒಡೆದ ಮಂಜುಗಡ್ಡೆಗಳ ಮೇಲೆ ತೆವಳುತ್ತ ದಡ ಸೇರಿದರು. ಇಂತಹ ಎದೆಗಾರನನ್ನೂ ಮುಂದೆ ನಡುಗಿಸಿದ್ದು ಸ್ವಂತ ಕೈಯಲ್ಲಿದ್ದ ಕೋವಿ.

1871ರಲ್ಲಿ, ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಸೆಲೂ ದಕ್ಷಿಣ ಆಫ್ರಿಕಾ ತಲುಪಿದರು. ಮರುವರ್ಷ ಮಟಬೆಲೆ ಜನಾಂಗದ ಅರಸ ಲೊಬೆಂಗುಲಾ ಅವರಿಗೆ ಆನೆ ಬೇಟೆಯಾಡಲು ಅನುಮತಿ ನೀಡಿದನು. ಅವರ ಬಳಿ ಇದ್ದುದು ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ ಅಗ್ಗದ ನಾಲ್ಕು ಬೋರಿನ ಕೋವಿಗಳು. ಒಂದೊಂದು ಗುಂಡಿನ ತೂಕ ಕಾಲು ಪೌಂಡ್, ಅಂದರೆ ಸುಮಾರು 113 ಗ್ರಾಂ. ಅದಕ್ಕೆ ಬೇಕಾದ ಮದ್ದನ್ನು ಚೀಲದಿಂದ ಹಿಡಿಯಷ್ಟು ತೆಗೆದು ನಳಿಗೆಗೆ ಸುರಿಯುತ್ತಿದ್ದರು. ಕೋವಿಯಾದರೋ ಕೇವಲ ಸುಮಾರು ಐದೂವರೆ ಕಿಲೋಗ್ರಾಂ. ಗುಂಡು ಭಾರವಾಗಿ, ಮದ್ದು ಹೆಚ್ಚಾಗಿ, ಕೋವಿ ಹಗುರವಾದಷ್ಟೂ ಹೆಗಲಿಗೆ ಬೀಳುವ ಒದೆತ ಉಗ್ರವಾಗುತ್ತದೆ. ಆದರೂ 1872ರಿಂದ 1874ರ ಅವಧಿಯಲ್ಲಿ ಅವರು ಬಹುತೇಕ ಕಾಲ್ನಡಿಗೆಯಲ್ಲೇ 78 ಆನೆಗಳನ್ನು ಕೊಂದರು.

ಒಮ್ಮೆ ಕೋವಿಗೆ ಪ್ರಮಾದವಶಾತ್ ಎರಡು ಬಾರಿ ಮದ್ದುಗುಂಡು ತುಂಬಲಾಗಿತ್ತು. ಅದನ್ನರಿಯದೆ ಸೆಲೂ ಹಾರಿಸಿದಾಗ ಅವರ ದೇಹ ನೆಲದಿಂದ ಮೇಲೆದ್ದು ಮರಳಿನ ಮೇಲೆ ಮುಖವಡಿಯಾಗಿ ಬಿದ್ದಿತು. ಕೆನ್ನೆ ಸೀಳಿ ರಕ್ತ ಚಿಮ್ಮಿತು, ಬಲಗೈ ಎತ್ತಲಾಗಲಿಲ್ಲ, ಕೋವಿಯ ಮರದ ಭಾಗ ಚೂರುಚೂರಾಯಿತು.

ಗಾಯ ಮಾಗಬಹುದು, ಆದರೆ ದೇಹವು ಪೆಟ್ಟನ್ನು ಮರೆಯದು. ಬೆರಳು ಟ್ರಿಗರನ್ನು ಒತ್ತುವ ಮುನ್ನವೇ ಹೆಗಲು ಬಿಗಿಯುತ್ತದೆ, ಕಣ್ಣು ಮುಚ್ಚುತ್ತದೆ, ಗುರಿ ಕದಲುತ್ತದೆ. ಗುರಿ ತಪ್ಪಿದ ಗುಂಡಿನಿಂದ ಪ್ರಾಣಿಯು ಸಾಯದೆ ನರಳುತ್ತದೆ. ಗಾಯಗೊಂಡ ಆನೆಯಿಂದ ಬೇಟೆಗಾರನಿಗೂ ಅಪಾಯ. 1881ರಲ್ಲಿ ಪ್ರಕಟವಾದ ತಮ್ಮ ಬೇಟೆಯ ಅನುಭವಗಳ ಗ್ರಂಥದಲ್ಲಿ ಸೆಲೂ, ಆ ಕೋವಿಗಳು ತಮ್ಮ ನರಗಳನ್ನು ಕೆಡಿಸಿದುವೆಂದೂ ಅದರ ದುಷ್ಪರಿಣಾಮ ತಮ್ಮ ಗುರಿಗಾರಿಕೆಯಲ್ಲಿ ಉಳಿದೇಹೋಯಿತೆಂದೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಹೆಸರುವಾಸಿಯಾದ ಬೇಟೆಗಾರನೊಬ್ಬ ಹೀಗೆ ಹೇಳಿಕೊಳ್ಳುವುದು ಸುಲಭವಲ್ಲ. ಭಾರೀ ಕೋವಿಗಳನ್ನು ಬಿಟ್ಟ ಅವರು ಗಿಬ್ಸ್ ಕಂಪೆನಿಯ ಸಣ್ಣ ನಳಿಗೆಯ ರೈಫಲುಗಳನ್ನು ನೆಚ್ಚಿಕೊಂಡರು.

ಮೊದಲನೆಯ ಮಹಾಯುದ್ಧದಲ್ಲಿ ಅರುವತ್ತು ದಾಟಿದ ವಯಸ್ಸಿನಲ್ಲೂ ಸೇನೆ ಸೇರಿದ ಸೆಲೂ, 1917ರ ಜನವರಿ 4ರಂದು ಈಗಿನ ತಾಂಜಾನಿಯಾದ ಬೆಹೋ ಬೆಹೋ ಎಂಬಲ್ಲಿ ಶತ್ರುವಿನ ಗುಂಡಿಗೆ ಬಲಿಯಾದರು. ಆ ನೆಲದ ವಿಶಾಲ ವನ್ಯಧಾಮಕ್ಕೆ ಅವರದೇ ಹೆಸರಿಡಲಾಯಿತು. 2019ರಲ್ಲಿ ಅದರ ಬಹುಭಾಗ ನ್ಯೆರೆರೆ ರಾಷ್ಟ್ರೀಯ ಉದ್ಯಾನವಾಯಿತು. ಅಳುಕನ್ನು ಅಡಗಿಸಿಡದೆ ಒಪ್ಪಿಕೊಂಡು, ತನ್ನ ಅಳವಿಗೆ ತಕ್ಕ ಆಯುಧವನ್ನು ಆರಿಸಿಕೊಂಡ ಅವರ ವಿವೇಕ ಬೇಟೆಯ ಕಾಲ ಮುಗಿದ ಮೇಲೂ ನೆನೆಯತಕ್ಕದ್ದು.