ಮೈಸೂರಿನ ಪ್ರಭುಗಳೂ ಒಂಬತ್ತನೆಯ ಸಿಂಫನಿಯೂ

ಮೂಡಿಗೆರೆಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಕಾಫಿತೋಟದ ಕೆಲಸ ನಿಲ್ಲುತ್ತದೆ. ಅಂತಹುದೊಂದು ಸಂಜೆ ನಾನು ಬೀಥೋವನ್ನನ ಒಂಬತ್ತನೆಯ ಸಿಂಫನಿಯ ಹಳೆಯ ಧ್ವನಿಮುದ್ರಿಕೆಯನ್ನು ಕೇಳುತ್ತ ಕುಳಿತಿದ್ದೆ. ನುಡಿಸಿದವರು ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದದವರು. ಹಾಡಿದವರು 1957ರಲ್ಲಿ ಅದರೊಡನೆ ಹಾಡಲೆಂದೇ ಕಟ್ಟಿದ ಗಾಯಕವೃಂದದವರು. ಆ ವಾದ್ಯವೃಂದವನ್ನು ಎಳವೆಯಲ್ಲಿ ಪೋಷಿಸಿದ ಹಣದಲ್ಲಿ ಮೈಸೂರಿನ ಪಾಲೂ ಇತ್ತೆಂಬುದು ನೆನಪಾಗಿ, ಶ್ರೀ ಜಯಚಾಮರಾಜ ಒಡೆಯರು ಕಣ್ಣ ಮುಂದೆ ಬಂದರು. ಅಂದು ಕಡೂರು ಜಿಲ್ಲೆಗೆ ಸೇರಿದ್ದ ನಮ್ಮ ಮೂಡಿಗೆರೆಗೂ ಅವರೇ ಅರಸರು.

1919ರ ಜುಲೈ 18ರಂದು ಜನಿಸಿದ ಅವರಿಗೆ ಪಿಯಾನೋ ವಾದಕರಾಗುವ ಹಂಬಲವಿತ್ತು. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆಯವರೂ ದೊಡ್ಡಪ್ಪಂದಿರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ಕಾಲವಾದರು. ಸಿಂಹಾಸನ ಬಂದಿತು, ಹಂಬಲ ಹಿಂದುಳಿಯಿತು. ತಾವು ನುಡಿಸಲಾಗದ್ದನ್ನು ಪರರು ನುಡಿಸಲೆಂದು ಅವರು ಧನವಿತ್ತರು. ಲಂಡನ್ನಿನಲ್ಲಿ ಬಹುಮಟ್ಟಿಗೆ ಮರೆಯಾಗಿದ್ದ ರಷ್ಯದ ಮೆಟ್ನರನ ಕೃತಿಗಳು ಮುದ್ರಿಕೆಗಳಾಗಿ ಉಳಿದುದು ಅವರಿಂದ; ಆತ ತನ್ನ ಮೂರನೆಯ ಪಿಯಾನೋ ಕಾಂಚೆರ್ಟೋವನ್ನು ಅವರಿಗೇ ಅರ್ಪಿಸಿದನು. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದಾಗಲೂ ವೆಚ್ಚಕ್ಕೆ ಹೊಣೆಯಾಗಿದ್ದವರು ಅವರೇ. ಆದರೆ ಸಭೆಯಲ್ಲಿ ಅವರಿರಲಿಲ್ಲ. ಮೈಸೂರಿಗೆ ಕಳುಹಲೆಂದು ಮುದ್ರಣ ಮಾಡಿಸಲಾಗಿತ್ತು.

ನಮ್ಮ ನಾಡಿನ ಹಣ ಅಷ್ಟು ದೂರವೇಕೆ ಹೋಗಬೇಕಿತ್ತೆಂದು ಕೇಳುವವರುಂಟು. ಪ್ರಶ್ನೆ ಅನುಚಿತವಲ್ಲ, ಮಳೆಗಾಲದಲ್ಲಿ ಹಳ್ಳ ದಾಟಲು ಸಂಕವಿಲ್ಲದ ಊರುಗಳನ್ನು ಕಂಡ ನಾನೂ ಕೇಳಿದ್ದೇನೆ. ಅಂದು ಮಾತ್ರ ಸಂಗೀತ ನನ್ನ ಬಾಯಿ ಕಟ್ಟಿಸಿತು. ಮೂರು ಭಾಗಗಳವರೆಗೆ ಮನುಷ್ಯಕಂಠವಿಲ್ಲ. ನಾಲ್ಕನೆಯದರಲ್ಲಿ ತಗ್ಗುದನಿಯ ತಂತಿವಾದ್ಯಗಳು ಒಂದು ಸರಳ ಧಾಟಿಯನ್ನು ಮೆಲ್ಲನೆ ಎತ್ತುತ್ತವೆ. ನಮ್ಮವರ ಕಿವಿಗೆ ಅದು ಶಂಕರಾಭರಣದ ಷಡ್ಜದಿಂದ ಪಂಚಮದವರೆಗಿನ ಐದೇ ಸ್ವರಗಳ ಸಂಚಾರ. ಒಂದೆಡೆ ಮಾತ್ರ ಮಂದ್ರ ಪಂಚಮಕ್ಕೆ ಇಳಿಯುತ್ತದೆ. ಮಗುವೂ ಹಾಡಬಲ್ಲ ಆ ಧಾಟಿಯನ್ನೇ ಬಳಿಕ ಷಿಲ್ಲರನ ಕವಿತೆಯೊಡನೆ ನೂರಾರು ಕಂಠಗಳು ಎತ್ತಿಕೊಳ್ಳುತ್ತವೆ. 1824ರ ಮೇ 7ರಂದು ವಿಯೆನ್ನಾದಲ್ಲಿ ಇದು ಮೊದಲು ನಡೆದಾಗ ಕಿವುಡನಾಗಿದ್ದ ಬೀಥೋವನ್ನನಿಗೆ ಕರತಾಡನವೂ ಕೇಳಿಸಲಿಲ್ಲ; ಗಾಯಕಿಯೊಬ್ಬಳು ಅವನನ್ನು ಸಭೆಯ ಕಡೆಗೆ ತಿರುಗಿಸಬೇಕಾಯಿತು.

ಒಡೆಯರ ಸ್ವಂತ ದನಿ ಬೇರೊಂದು ದಾರಿ ಹಿಡಿಯಿತು. ವೀಣೆ ವೆಂಕಟಗಿರಿಯಪ್ಪನವರ, ವಾಸುದೇವಾಚಾರ್ಯರ ಸಹವಾಸದಲ್ಲಿ ಕರ್ಣಾಟಕ ಸಂಗೀತಕ್ಕೆ ಒಲಿದು, ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಅರಸೊತ್ತಿಗೆ ಹೋಗಿ ರಾಜಪ್ರಮುಖರಾದರು, ರಾಜ್ಯಪಾಲರಾದರು; ಆ ಪದವಿಗಳ ಕಥೆ ಎಲ್ಲರಿಗೂ ತಿಳಿದುದೇ. 1974ರ ಸೆಪ್ಟೆಂಬರ್ 23ರಂದು ತೀರಿಕೊಂಡಾಗ ಅವರಿಗೆ 55 ವರ್ಷ.